ಗಿರಣಿ ಹಾಡಿನ ಉಳಿದರ್ಧ

ಶಿಗ್ಗಾಂವಿಯ ಕಾಲೇಜೊಂದರಿಂದ ಫೋನ್ ಬಂದಾಗ ನಾನು ಅಂಗಡಿಯಲ್ಲಿ ಕೂತು ಹಳೆಯ ಆಂಪ್ಲಿಫೈಯರ್ ಒಂದನ್ನು ಬಿಚ್ಚಿಕೊಂಡಿದ್ದೆ. ಹಾನಗಲ್ಲಿನಲ್ಲಿ ನನ್ನದೊಂದು ಮೈಕ್ ಸೆಟ್ ಅಂಗಡಿ ಇದೆ. ಮುಂದಿನ ಕೋಣೆಯಲ್ಲಿ ಸ್ಪೀಕರು, ವೈರು, ರಿಪೇರಿ. ಹಿಂದಿನ ಕೋಣೆಯ ಗೋಡೆಗೆ ಹಳೆಯ ಸೀರೆ ಕೂಡಿಸಿ ಅವ್ವ ಹೊಲಿದ ಐದು ದಪ್ಪ ಕೌದಿ ತೂಗುಹಾಕಿ, ಹೊರಗಿನ ಸಪ್ಪಳ ಒಳಗೆ ಬರದಂತೆ ಮಾಡಿ, ಹಾಡು ರೆಕಾರ್ಡ್ ಮಾಡುವ ಜಾಗ ಮಾಡಿಕೊಂಡಿದ್ದೇವೆ. ನಾನು ರ‍್ಯಾಪ್ ಹಾಡುವವನು. ಬೀಟ್ ಕೂಡಿಸುವುದು ನನ್ನ ಹೆಂಡತಿ. ಕಾರ್ಯಕ್ರಮಗಳಲ್ಲಿ ಲ್ಯಾಪ್‌ಟಾಪಿನ ಮುಂದೆ ನಿಲ್ಲುವವಳೂ ಅವಳೇ.

ಫೋನ್ ಮಾಡಿದವನು ವಿದ್ಯಾರ್ಥಿ ಸಂಘದ ಕಾರ್ಯದರ್ಶಿ.

"ಸರ್, ಸ್ನೇಹ ಸಮ್ಮೇಳನ ಐತ್ರಿ. ಮೊದಲ ಅರ್ಧ ತಾಸು ನೀವು ಮಾತಾಡಬೇಕು. ರ‍್ಯಾಪ್‌ನಾಗ ಬಾಳ ವರ್ಷ ಉಳಿಯೂದು ಹ್ಯಾಂಗ ಅಂತ ವಿಷಯ ಇಟ್ಟೇವಿ. ಹಾಡು ಬರಿಯೋ ಹುಡುಗ್ರು ನಮ್ಮಲ್ಲಿ ಬಾಳ ಅದಾರ್ರಿ. ಆಮ್ಯಾಲ ಮೂರು ಹಾಡು. ಕೊನೀದು ಗಿರಣಿ ಹಾಡ ಆಗಬೇಕು ಮತ್ತ. ಅದಿಲ್ಲಂದ್ರ ಯಾರೂ ನಿಮ್ಮನ್ನ ಸ್ಟೇಜ್ ಮ್ಯಾಲಿಂದ ಇಳಿಯಾಕ ಬಿಡಂಗಿಲ್ಲ."

ಹೂಂ ಅಂದೆ. ಹನ್ನೊಂದು ದಿನ ಇತ್ತು.

ಗಿರಣಿ ಹಾಡು ನನ್ನ ಮೊದಲ ಹಾಡು. ಇಪ್ಪತ್ತೊಂದು ವರ್ಷದವನಿದ್ದಾಗ ಗೆಳೆಯನೊಬ್ಬನ ಕಂಪ್ಯೂಟರಿನಲ್ಲಿ ಮಾಡಿದ್ದು. ಒಬ್ಬ ಹುಡುಗ ಜೋಳದ ಚೀಲ ಹೊತ್ತು ಗಿರಣಿಗೆ ಹೋಗುತ್ತಾನೆ. ಗಿರಣಿಯವನಿಗೆ ಉಗ್ಗು. ಅವನ ಮಾತು ಮೊದಲ ಅಕ್ಷರದಲ್ಲೇ ಸಿಕ್ಕಿಕೊಳ್ಳುತ್ತದೆ. ಹಾಡಿನಲ್ಲಿ ಮತ್ತೆ ಮತ್ತೆ ಬರುವ ಪಲ್ಲವಿಯಂಥ ಭಾಗಕ್ಕೆ ನಾವು ಹುಕ್ ಅನ್ನುತ್ತೇವೆ. ಈ ಹಾಡಿನ ಹುಕ್ ಅಂದರೆ ಆ ಸಿಕ್ಕಿಕೊಂಡ ಅಕ್ಷರವೇ. ನಿ, ನಿ, ನಿ, ನಿ ಎಂದು ತಾಳದ ಏಟಿಗೊಂದರಂತೆ ಹದಿನಾರು ಸಲ. ಆಮೇಲೆ ಡಬ್ ಎಂದು ಬೀಟ್ ಬೀಳುತ್ತದೆ, ಜನ ಕುಣಿಯುತ್ತಾರೆ. ಮೊಬೈಲ್ ಅಂಗಡಿಗಳಲ್ಲಿ ಮೆಮೊರಿ ಕಾರ್ಡಿಗೆ ತುಂಬಿಸಿಕೊಂಡು ಹುಡುಗರು ಅದನ್ನು ಸುತ್ತಲಿನ ತಾಲೂಕುಗಳಿಗೆಲ್ಲ ಹಂಚಿಬಿಟ್ಟರು. ಸವಣೂರಿರಲಿ, ಹಿರೇಕೆರೂರಿರಲಿ, ನನ್ನ ಗುರುತು ಇವತ್ತಿಗೂ ಅದೇ. ಆಮೇಲೆ ಎಷ್ಟೋ ಹಾಡು ಮಾಡಿದೆ. ಕಾರ್ಯಕ್ರಮ ಮುಗಿಯುವ ಹೊತ್ತಿಗೆ ಜನ ಕೇಳುವುದು ಅದೊಂದನ್ನೇ.

ಆ ಗಿರಣಿಯವರು ಕಟ್ಟುಕತೆಯಲ್ಲ. ನಾನು ಹುಟ್ಟಿದ ತಿಳವಳ್ಳಿಯಲ್ಲಿ ಇವತ್ತಿಗೂ ಗಿರಣಿ ನಡೆಸುತ್ತಾರೆ.

ಎರಡು ದಿನ ಬಿಟ್ಟು ಇನ್ನೊಂದು ಫೋನ್ ಬಂತು. ಹುಡುಗಿಯ ದನಿ.

"ಅಣ್ಣಾರ, ನಾನು ಅದ ಕಾಲೇಜಿನ್ಯಾಕಿ. ಬಿ.ಎ. ಕೊನೇ ವರ್ಷ. ತಿಳವಳ್ಳಿ ಗಿರಣಿಯವರ ಮಗಳ್ರಿ."

ಕೈಯಲ್ಲಿದ್ದ ಬಿಸಿ ಸೋಲ್ಡರಿಂಗ್ ಕಡ್ಡಿಯನ್ನು ಪಕ್ಕಕ್ಕಿಟ್ಟೆ.

"ಬೈಯಾಕ ಫೋನ್ ಮಾಡಿಲ್ರಿ. ಓಟದಾಗ ನನಗ ಬಹುಮಾನ ಬಂದೈತಿ, ಆ ದಿನ ಕೊಡ್ತಾರ. ಅಪ್ಪ ಬರ್ತೇನಿ ಅಂದಾರ. ಇಲ್ಲೀತನಕ ಯಾವ ಕಾರ್ಯಕ್ರಮಕ್ಕೂ ಬಂದಿಲ್ಲ ಅವರು. ಮಂದಿ ಕೂಡಿದಲ್ಲಿ ಬರೂದ ಇಲ್ಲ."

"ಆ ಹಾಡು ಹಾಡಬ್ಯಾಡ ಅಂತೀಯೇನವಾ?"



"ನೀವು ಹಾಡಿದ್ರ ಅಪ್ಪ ಎದ್ದು ಹೋಗಂಗಿಲ್ರಿ ಅಣ್ಣಾರ. ಎಲ್ಲಾರ ಜೋಡಿ ಕುಂತು ನಗ್ತಾರ. ಅದನ್ನ ನೋಡಾಕ ನನ್ನ ಕೈಲಿ ಆಗಂಗಿಲ್ಲ."

ತಾನು ಫೋನ್ ಮಾಡಿದ್ದು ಅಪ್ಪನಿಗೆ ಗೊತ್ತಾಗಬಾರದು ಎಂದು ನನ್ನಿಂದ ಮಾತು ತೆಗೆದುಕೊಂಡು ಫೋನ್ ಇಟ್ಟಳು.

ನಾನು ಹೋಗಿ ಹೆಂಡತಿಗೆ ಹೇಳಿದೆ. ಅವಳು ನೂರಾರು ಸಲ ಆ ಹಾಡಿನ ಬೀಟ್ ಒತ್ತಿದವಳು. ಹಿಂದಿನ ಕೋಣೆಗೆ ಹೋಗಿ ಲ್ಯಾಪ್‌ಟಾಪ್ ತೆರೆದು, ಹಾಡಿನ ಕಡತ ಹುಡುಕಿ, "ಮೊದಲ ಹುಕ್ ತಗದು ನೋಡೂಣು ಬರ್ರಿ" ಅಂದಳು.

ಹುಕ್ ತೆಗೆಯುವುದು ಒಂದು ನಿಮಿಷದ ಕೆಲಸ. ನನ್ನ ದನಿಯ ಆ ತುಂಡುಗಳನ್ನು ಆಯ್ದು ಅಳಿಸಿದೆವು. ಹಾಡು ಹಚ್ಚಿದರೆ, ದನಿ ಇಲ್ಲದ ಆ ಜಾಗದಲ್ಲಿ ಬೀಟ್ ಒಂದೇ ಕುಟ್ಟುತ್ತಿತ್ತು, ನಮ್ಮಿಬ್ಬರ ತಲೆಯಲ್ಲೂ ಆ ಅಕ್ಷರ ಮೊದಲಿಗಿಂತ ಜೋರಾಗಿ ಕೇಳುತ್ತಿತ್ತು. ಮರುದಿನ ಆ ಜಾಗಕ್ಕೆ ಬೇರೆ ಸಪ್ಪಳ ತುಂಬಿದೆವು. ಹಾನಗಲ್ಲಿನದೇ ಒಂದು ಗಿರಣಿಯ ಮುಂದೆ ನಿಂತು ಪಟ್ಟಾ ತಿರುಗುವ ಸದ್ದನ್ನು ಫೋನಿನಲ್ಲಿ ಹಿಡಿದು ತಂದು, ಕತ್ತರಿಸಿ, ತಾಳಕ್ಕೆ ಕೂಡಿಸಿದಳು. ಕೇಳಲು ಚೆನ್ನಾಗಿತ್ತು. ಗೆದ್ದೆ ಅಂದುಕೊಂಡೆ.

ಆ ವಾರ ಹಿರೇಕೆರೂರಿನಲ್ಲಿ ಕ್ರಿಕೆಟ್ ಪಂದ್ಯಾವಳಿಯೊಂದರ ಬಹುಮಾನದ ದಿನ ನಮ್ಮ ಹಾಡಿತ್ತು. ಅಲ್ಲಿ ಹೊಸ ಹುಕ್ ಒತ್ತಿ ನೋಡಿದೆವು. ಪಟ್ಟಾದ ಸದ್ದು ಶುರುವಾದದ್ದೇ ತಡ, ಮೈದಾನದ ಅಷ್ಟೂ ಜನ ತಾವೇ ಆ ಅಕ್ಷರ ಕೂಗಿದರು. ಹದಿನಾರು ಸಲ, ಒಂದು ಏಟೂ ತಪ್ಪದೆ. ಜನ ನಮ್ಮ ಸಾಲನ್ನು ತಾವೇ ಹಾಡಿದಾಗ ಮೈಕನ್ನು ಅವರ ಕಡೆ ಚಾಚುವುದು ನಮ್ಮಲ್ಲಿ ರೂಢಿ, ಅದಕ್ಕಿಂತ ದೊಡ್ಡ ಹೆಮ್ಮೆ ಹಾಡುವವನಿಗೆ ಇನ್ನೊಂದಿಲ್ಲ. ಅವತ್ತು ಕೈ ಚಾಚಲಿಲ್ಲ. ಮೈಕ್ ಹಿಡಿದ ಕೈ ತೊಡೆಯ ಪಕ್ಕಕ್ಕೆ ಇಳಿದಿತ್ತು. ತಿರುಗಿ ನೋಡಿದರೆ ಹೆಂಡತಿ ಲ್ಯಾಪ್‌ಟಾಪಿನಿಂದ ಕಣ್ಣೆತ್ತಿ ನನ್ನನ್ನೇ ನೋಡುತ್ತಿದ್ದಳು.

ಬರುವಾಗ ಗಾಡಿಯಲ್ಲಿ ಹೇಳಿದೆ: "ಶಿಗ್ಗಾಂವ್ಯಾಗ ಆ ಹಾಡ ಬ್ಯಾಡ. ಬಿಟ್ಟ ಬಿಡೂಣು."

"ನೀವು ಬಿಟ್ರ ಮಂದಿ ಬಿಡ್ತಾರೇನ್ರಿ? ಈಗ ಅದು ನಿಮ್ಮ ಬಾಯಾಗಿಲ್ಲ, ಅವರ ಬಾಯಾಗೈತಿ."

"ಹಂಗಾದ್ರ ಏನ ಮಾಡ್ಲಿ?"

"ಮೊದಲ ಅವರನ್ನ ಹೋಗಿ ಕಾಣ್ರಿ. ಹದಿನೈದು ವರ್ಷದಾಗ ಒಮ್ಮೆರ ಹೋಗೀರೇನ?"

ಹೋಗಿರಲಿಲ್ಲ. ಅವ್ವ ಅಣ್ಣನ ಮನೆಯವರ ಜೊತೆ ತಿಳವಳ್ಳಿಯಲ್ಲೇ ಇದ್ದಾಳೆ. ತಿಂಗಳಿಗೆರಡು ಸಲ ಊರಿಗೆ ಹೋಗುತ್ತೇನೆ. ಹೋದಾಗಲೆಲ್ಲ ಗಿರಣಿಯ ಓಣಿ ಬಿಟ್ಟು ಕೆರೆಯ ಕಡೆಯಿಂದ ಸುತ್ತು ಹಾಕಿ ಮನೆ ಸೇರುತ್ತಿದ್ದೆ. ಆ ದಾರಿಯಲ್ಲಿ ಗಾಳಿ ಚೆನ್ನಾಗಿರುತ್ತದೆ ಎಂದು ಹೆಂಡತಿಗೆ ಹೇಳುತ್ತಿದ್ದೆ. ಅವಳು ಎಂದೂ ಎದುರು ಮಾತಾಡಿರಲಿಲ್ಲ.

ಮರುದಿನ ಬೆಳಿಗ್ಗೆ ಒಬ್ಬನೇ ಹೋದೆ. ಕರೆಂಟಿತ್ತು, ಗಿರಣಿ ನಡೆದಿತ್ತು, ಡಬ್ಬಿ ಚೀಲ ಇಟ್ಟುಕೊಂಡು ಏಳೆಂಟು ಹೆಂಗಸರು ಕಾಯುತ್ತಿದ್ದರು. ಸ್ವಿಚ್ ಬೋರ್ಡಿನ ಮೇಲೆ ಬುದ್ಧನ ಫೋಟೊ, ಅದರ ಗಾಜಿನ ಮೇಲೂ ಹಿಟ್ಟು. ಗಿರಣಿಯ ಕಾಕಾ ನನ್ನನ್ನು ನೋಡಿದರು, ಗುರುತು ಹಿಡಿದರು, ಕೈ ಸನ್ನೆ ಮಾಡಿ ಗೋಡೆಯ ಪಕ್ಕದ ಹಲಗೆ ತೋರಿಸಿದರು. ಕೂತೆ. ಒಬ್ಬೊಬ್ಬರದೂ ಬೀಸಿ ಮುಗಿಯುವವರೆಗೆ ಅವರು ನನ್ನ ಕಡೆ ತಿರುಗಲಿಲ್ಲ. ಕೊನೆಯ ಹೆಂಗಸು ಚೀಲ ತಲೆಯ ಮೇಲೆ ಇಟ್ಟುಕೊಂಡು ಹೋದ ಮೇಲೆ ಗಿರಣಿ ನಿಲ್ಲಿಸಿದರು. ಅವರ ಕಣ್ಣಿನ ರೆಪ್ಪೆಯ ಮೇಲೂ ಹಿಟ್ಟಿತ್ತು.

ಅವರ ಮಾತನ್ನು ಇಲ್ಲಿ ಉಗ್ಗು ಬಿಟ್ಟು ಪೂರ್ತಿಯಾಗಿಯೇ ಬರೆಯುತ್ತೇನೆ. ತಡೆದ ಜಾಗಗಳನ್ನು ಮಂದಿಗೆ ತೋರಿಸುವ ಕೆಲಸವನ್ನು ಒಮ್ಮೆ ಮಾಡಿ ಆಗಿದೆ.

"ಕಾಕಾ, ನಂದು ತಪ್ಪಾಗೈತ್ರಿ" ಅಂದೆ.

"ಎಷ್ಟ ವರ್ಷಾತು?"

"ಹದಿನೈದ್ರಿ."

"ಹದಿನೈದು ವರ್ಷ ತಪ್ಪಿರಲಿಲ್ಲ, ಇವತ್ತ ಆತೇನ ತಮ್ಮಾ?"

ನನ್ನಲ್ಲಿ ಉತ್ತರವಿತ್ತು, ಆದರೆ ಅದನ್ನು ಹೇಳುವುದಿಲ್ಲ ಎಂದು ಅವರ ಮಗಳಿಗೆ ಮಾತು ಕೊಟ್ಟಿದ್ದೆ. ತಲೆ ಕೆಳಗೆ ಹಾಕಿದೆ. ಅವರು ಜೋಳದ ಕಾಳು ಬಿದ್ದ ನೆಲವನ್ನು ಕಸಬರಿಗೆಯಿಂದ ಗುಡಿಸತೊಡಗಿದರು.

"ಹಾಡು ಚಲೋ ಐತಿ. ತಾಳ ಚಲೋ ಐತಿ. ಸುಳ್ಳ ಯಾಕ ಹೇಳ್ಲಿ, ಗಿರಣಿ ನಡದಾಗ ನಾನೂ ಒಳಗ ಅಂತಿರತೇನಿ" ಅಂದರು. ಆಮೇಲೆ ಗುಡಿಸುವುದನ್ನು ನಿಲ್ಲಿಸಿ ಕೇಳಿದರು: "ಒಂದ ಹೇಳು. ಆವತ್ತ ನಾ ನಿನಗ ಏನ ಹೇಳಾಕತ್ತಿದ್ದೆ?"

ಆವತ್ತು ಅಂದರೆ ನಾನು ಹನ್ನೆರಡು ವರ್ಷದವನಿದ್ದಾಗ. ಚೀಲ ಹೊತ್ತು ಬಾಗಿಲು ದಾಟುತ್ತಿದ್ದವನನ್ನು ಅವರು ಕೂಗಿ ನಿಲ್ಲಿಸಿದ್ದರು. ಮಾತು ಸಿಕ್ಕಿಕೊಂಡಿತ್ತು. ಬಾಗಿಲಲ್ಲಿದ್ದ ಗೆಳೆಯರು ನಕ್ಕಿದ್ದರು, ನಾನೂ ನಕ್ಕಿದ್ದೆ. ಅಷ್ಟೇ ನೆನಪಿತ್ತು. ಅದನ್ನೇ ಹಾಡು ಮಾಡಿದ್ದೆ.

"ನೆನಪಿಲ್ರಿ ಕಾಕಾ."

"ನೆನಪಿಲ್ಲಂತಲ್ಲ. ನೀ ಕೇಳೇ ಇಲ್ಲ. ನಾ ಹೇಳಿ ಮುಗಿಸೂದ್ರಾಗ ಓಡಿ ಹೋದಿ."

"ಈಗ ಹೇಳ್ರಿ. ನಿಂತ ಕೇಳ್ತೇನಿ."

"ಈಗ ಯಾಕ? ಆ ಹಿಟ್ಟು ಉಂಡು ಆತು" ಎಂದು ಗಿರಣಿ ಶುರು ಮಾಡಿದರು. ಬೀಸಲು ಏನೂ ಇರಲಿಲ್ಲ. ಖಾಲಿ ಗಿರಣಿಯೇ ತಿರುಗುತ್ತಿತ್ತು. ನಾನು ಎದ್ದು ಬಂದೆ.

ಅಲ್ಲಿಂದ ನೇರ ಅವ್ವನ ಹತ್ತಿರ ಹೋದೆ. ಅವ್ವ ಕಟ್ಟೆಯ ಮೇಲೆ ಕೂತು ಅಕ್ಕಿ ಆರಿಸುತ್ತಿದ್ದಳು. ಗಿರಣಿಗೆ ಹೋಗಿದ್ದೆ ಅಂದಾಗ ಮೊರವನ್ನು ಪಕ್ಕಕ್ಕಿಟ್ಟು ನನ್ನ ಮುಖ ನೋಡಿದಳು.

"ಹೋದ್ಯಾ? ಚಲೋ ಆತು."

"ನಾ ಸಣ್ಣಾಂವಿದ್ದಾಗ ಗಿರಣ್ಯಾಗ ಅವರು ನನಗ ಏನೋ ಹೇಳಾಕ ಬಂದಿದ್ರಂತ. ನಿನಗೇನರ ಗೊತ್ತೈತೇನ ಬೇ?"

ಅವ್ವನಿಗೆ ಯೋಚಿಸಬೇಕಾಗಲೇ ಇಲ್ಲ. "ಗೊತ್ತಿಲ್ದ ಏನು! ಅವತ್ತ ನೀ ಹಿಟ್ಟಿನ ಚೀಲ ಬಿಗದ ಕಟ್ಟಿ ತಂದು ಮೂಲ್ಯಾಗ ಒಗದು ಆಡಾಕ ಹೋದಿ. ಸಂಜೀಕ ಬಿಚ್ಚಿ ನೋಡಿದ್ರ ಹಿಟ್ಟು ಬೆವತು ಗಂಟ ಗಂಟ. ರೊಟ್ಟಿ ಬಡದ್ರ ಹರದ ಹೋಗಾಕತ್ವು. ಮರುದಿನ ಗಿರಣಿಗೆ ಜಗಳಕ್ಕ ಹೋದೆ. ಆಗ ಹೇಳಿದ ಆತ, ಹುಡುಗನ ಕೈಲಿ ಹೇಳಿ ಕಳಸಾಕ ನೋಡಿದೆ, ನಿಲ್ಲಲಿಲ್ಲ ಅಂತ."

"ಏನಂತ ಹೇಳಾಕ ನೋಡಿದ್ರಂತ?"

"ನಿಮ್ಮವ್ವಗ ಹೇಳು, ಹಿಟ್ಟು ಬಿಸಿ ಐತಿ, ಆರಲಿ, ಬಾಯಿ ಕಟ್ಟಬ್ಯಾಡ. ಅಷ್ಟ. ಅಷ್ಟ ಹೇಳಾಕ ಆತಗ ಎಷ್ಟ ಹೊತ್ತ ಹಿಡೀತು ಗೊತ್ತೈತೇನ? ಜಗಳಕ್ಕ ಹೋದಾಕಿ ನಿಂತು ಕೇಳಿದೆ ನಾನು."

ಅವ್ವ ಮೊರವನ್ನು ಮತ್ತೆ ತೊಡೆಯ ಮೇಲೆ ಎಳೆದುಕೊಂಡಳು. ಎರಡು ಕಲ್ಲು ಆರಿಸಿ ಎಸೆದು, ತಲೆ ಎತ್ತದೆ ಹೇಳಿದಳು:

"ನಿನ್ನ ಹಾಡೆಲ್ಲಾ ಕೇಳ್ತೇನಿ. ಅದೊಂದನ್ನ ಈ ಮನ್ಯಾಗ ಹಚ್ಚಗೊಟ್ಟಿಲ್ಲ. ನೀ ಕೇಳಲಿಲ್ಲ, ನಾ ಹೇಳಲಿಲ್ಲ."

ಹದಿನೈದು ವರ್ಷ ಅವ್ವನಿಗೆ ನನ್ನ ಹಾಡೆಂದರೆ ಹೆಮ್ಮೆ ಎಂದೇ ತಿಳಿದಿದ್ದೆ. ಅದು ಸುಳ್ಳಲ್ಲ. ಆದರೆ ಆ ಹೆಮ್ಮೆಯಿಂದ ಈ ಹಾಡನ್ನು ಅವಳು ಸದ್ದಿಲ್ಲದೆ ಹೊರಗಿಟ್ಟಿದ್ದಳು. ಕಟ್ಟೆಯ ಮೇಲೆ ಅವಳ ಪಕ್ಕ ಕೂತು ಇಡೀ ಮೊರದ ಅಕ್ಕಿ ಆರಿಸಿಕೊಟ್ಟೆ. ಬೇರೆ ಏನು ಮಾಡಬೇಕೆಂದು ತಿಳಿಯಲಿಲ್ಲ.

ಶಿಗ್ಗಾಂವಿಗೆ ಇನ್ನು ಐದು ದಿನ ಇತ್ತು. ಹಾಡು ಬಿಡುವುದಿಲ್ಲ, ಅಕ್ಷರ ಅಳಿಸುವುದೂ ಇಲ್ಲ, ಆ ಮಾತನ್ನು ಮುಗಿಸಬೇಕು ಎಂದು ಬಸ್ಸಿನಲ್ಲೇ ಗಟ್ಟಿ ಮಾಡಿಕೊಂಡೆ.

ನಾಲ್ಕು ಏಟಿಗೆ ಒಂದು ಸುತ್ತು. ಹಳೆಯ ಹುಕ್ ನಾಲ್ಕು ಸುತ್ತಿನದು. ಕಾಕಾನ ಮಾತಿನಲ್ಲೂ ನಾಲ್ಕು ತುಂಡು. ಸುತ್ತಿಗೊಂದು ತುಂಡು ಇಟ್ಟು ನೋಡಿದೆ. ‘ಆರಲಿ’ ಮಾತ್ರ ಗಿಡ್ಡವಾಯಿತು, ಅದನ್ನು ಎರಡು ಸಲ ಅಂದೆ. ಕೂತಿತು. ಆದರೆ ನಿಮಿಷಕ್ಕೆ ತೊಂಬತ್ತಾರು ಏಟಿನ ಹಳೆಯ ವೇಗದಲ್ಲಿ ಆ ಮಾತು ಗದರಿಸಿದಂತೆ ಕೇಳುತ್ತಿತ್ತು. ಒಬ್ಬ ಹಿರಿಯ ಒಬ್ಬ ಹುಡುಗನಿಗೆ ಹೇಳುವ ಮಾತು ಅದು. ಹೆಂಡತಿ ವೇಗ ಇಳಿಸುತ್ತ ಬಂದು ಎಂಬತ್ತನಾಲ್ಕಕ್ಕೆ ನಿಲ್ಲಿಸಿದಳು.

ಮೊದಲ ಸಲ ಹಾಡುವಾಗ ರೂಢಿಯಂತೆ ಆರಂಭದಲ್ಲಿ ಎರಡು ಸಲ ‘ನಿ, ನಿ’ ಅಂದು ಆಮೇಲೆ ಮಾತು ಮುಗಿಸಿದೆ. ಅವಳು ಬೀಟ್ ನಿಲ್ಲಿಸಿದಳು.

"ಅದ ಬ್ಯಾಡ್ರಿ. ಅಣಕ ಮಾಡಿ ಆಮ್ಯಾಲ ಕೈ ಮುಗದಂಗಾಗ್ತೈತಿ."

ಅವಳು ಅಂದದ್ದು ಸರಿ ಇತ್ತು. ಮೊದಲ ಏಟಿಗೇ ‘ನಿಮ್ಮವ್ವಗ’ ಎಂಬ ಇಡೀ ಪದ ಬೀಳುವಂತೆ ಕೂಡಿಸಿದೆವು. ಜನ ಎರಡನೇ ಸಲ ಬಾಯಿ ತೆರೆಯುವಷ್ಟರಲ್ಲಿ ಮಾತು ಮುಂದೆ ಹೋಗಿರಬೇಕು. ಮೂರು ಚರಣಗಳನ್ನೂ ಹೊಸದಾಗಿ ಬರೆದೆ. ಓಡುವ ಹುಡುಗ ಈಗ ಬಾಗಿಲಲ್ಲಿ ನಿಲ್ಲುತ್ತಾನೆ. ಅದು ಬರೆಯಲು ಬಹಳ ಕಷ್ಟ ಕೊಟ್ಟಿತು. ಓಡುವವನ ಬಗ್ಗೆ ಬರೆಯುವುದು ಸುಲಭ, ಸಾಲು ತಾನೇ ಓಡುತ್ತದೆ. ನಿಂತವನ ಬಗ್ಗೆ ಬರೆಯಲು ಹೋದರೆ ಪ್ರತಿ ಸಾಲಿನಲ್ಲೂ ಅವನಿಗೆ ಏನಾದರೂ ಕಾಣಬೇಕು, ಕೇಳಬೇಕು. ನನಗೋ ಆ ಗಿರಣಿಯಲ್ಲಿ ನಗು ಬಿಟ್ಟು ಬೇರೇನೂ ನೆನಪಿರಲಿಲ್ಲ. ಮೊನ್ನೆ ಹಲಗೆಯ ಮೇಲೆ ಕೂತು ನೋಡಿದ್ದನ್ನೇ ಬರೆದೆ.

ಹಾಡನ್ನು ಅಣ್ಣನ ಫೋನಿಗೆ ಕಳಿಸಿ, ಅವ್ವನಿಗೆ ಗಿರಣಿಗೆ ಒಯ್ದು ಕೇಳಿಸಲು ಹೇಳಿದೆ. ಅವರು ಬೇಡ ಅಂದರೆ ಹಾಡುವುದಿಲ್ಲ ಎಂದೂ ಹೇಳಿ ಕಳಿಸಿದೆ. ಸಂಜೆ ಅವ್ವನ ಫೋನ್ ಬಂತು.

"ಕೇಳಿದ. ಎರಡು ಸಲ ಹಚ್ಚಿಸ್ಕೊಂಡ ಕೇಳಿದ. ಬ್ಯಾಡ ಅನ್ನಲಿಲ್ಲ. ಹೂಂನೂ ಅನ್ನಲಿಲ್ಲ. ನಿಮ್ಮಣ್ಣನ ಫೋನಿನ ತುಂಬ ಹಿಟ್ಟಾಗೈತಿ ನೋಡು."

ಕಾಕಾನ ಮಗಳಿಗೂ ಫೋನ್ ಮಾಡಿ ನಡೆದದ್ದೆಲ್ಲ ಹೇಳಿದೆ. ನೀನು ಬೇಡ ಅಂದರೂ ಬಿಡುತ್ತೇನೆ ಅಂದೆ. "ಆತ್ರಿ" ಅಂದಳು. ಆ ಮಾತಿನಲ್ಲಿ ಧೈರ್ಯವಿತ್ತೋ ಅಂಜಿಕೆಯಿತ್ತೋ ಗೊತ್ತಾಗಲಿಲ್ಲ.

ಶಿಗ್ಗಾಂವಿಯಲ್ಲಿ ಮಧ್ಯಾಹ್ನದ ಹೊತ್ತಿಗೆ ಬಹುಮಾನ ಹಂಚಿ ಮುಗಿದಿತ್ತು. ನಾಲ್ಕನೇ ಸಾಲಿನ ಅಂಚಿನಲ್ಲಿ ಬಿಳಿ ಅಂಗಿ ಹಾಕಿಕೊಂಡು ಕಾಕಾ ಕೂತಿದ್ದರು. ಮಗಳಿಗೆ ಬಂದ ಬಹುಮಾನದ ಕಪ್ ಅವರ ತೊಡೆಯ ಮೇಲಿತ್ತು, ಎರಡೂ ಕೈಯಿಂದ ಅದನ್ನು ಹಿಡಿದುಕೊಂಡಿದ್ದರು. ಹಿಟ್ಟಿಲ್ಲದ ಅವರ ಮುಖವನ್ನು ನಾನು ನೋಡಿದ್ದು ಅದೇ ಮೊದಲು.

ಮಾತು ಶುರು ಮಾಡಿದೆ. ಚೀಟಿಯಲ್ಲಿ ಬರೆದುಕೊಂಡು ಹೋದದ್ದನ್ನೆಲ್ಲ ಹೇಳಿದೆ. ದಿನಾ ಬೆಳಿಗ್ಗೆ ಹದಿನಾರು ಸಾಲು ಬರೆಯಿರಿ, ಚೆನ್ನಾಗಿರಲಿ ಬಿಡಲಿ. ಬರೆಯುವಾಗಲೇ ಉಸಿರು ತಗೊಳ್ಳುವ ಜಾಗಕ್ಕೆ ಗೆರೆ ಹಾಕಿ. ಇಪ್ಪತ್ತರಲ್ಲಿ ನಾನು ಒಂದೇ ಉಸಿರಿಗೆ ಎಂಟು ಸುತ್ತು ಹಾಡುತ್ತಿದ್ದೆ, ಈಗ ನಾಲ್ಕು. ಅದಕ್ಕೆ ತಕ್ಕಂತೆ ಹಾಡು ಬರೆದರೆ ವಯಸ್ಸು ಯಾರಿಗೂ ಕೇಳಿಸುವುದಿಲ್ಲ. ಕಿರಿಚಬೇಡಿ, ಮೈಕಿನ ಕೆಲಸ ಮೈಕ್ ಮಾಡಲಿ. ಹೊಟ್ಟೆಗೆ ಇನ್ನೊಂದು ಕೆಲಸ ಕಲಿತಿರಿ, ಆಗ ಒಲ್ಲದ ಹಾಡಿಗೆ ಒಲ್ಲೆ ಅನ್ನಬಹುದು. ಹುಡುಗರು ಬರೆದುಕೊಂಡರು. ಕೊನೆಗೆ ಒಬ್ಬ ಎದ್ದು ನಿಂತ.

"ಸರ್, ಇವೆಲ್ಲಾ ಮಾಡಿದ್ರ ಹದಿನೈದು ವರ್ಷ ಉಳೀಬಹುದೇನ್ರಿ?"

ಚೀಟಿ ಮಡಚಿ ಜೇಬಿಗಿಟ್ಟೆ. "ಹಾಡುವವ ಉಳೀತಾನ" ಅಂದೆ. "ಅವನ ಜೋಡಿ ಅವ ಬರದ ಸಾಲೂ ಉಳೀತಾವ. ಬ್ಯಾಡಂದ್ರೂ ಉಳೀತಾವ. ಇಪ್ಪತ್ತರಾಗ ಬರದದ್ದನ್ನ ನಲವತ್ತರಾಗೂ ಯಾರ ಮುಂದ ಬೇಕಾದ್ರೂ ನಿಂತು ಹಾಡಾಕ ಬರಬೇಕು. ನನಗ ಹಂಗ ಬರಿಯಾಕ ಆಗಲಿಲ್ಲ. ಈಗ ತಿದ್ದಾಕತ್ತೇನಿ."

ಯಾರಿಗೆ ಎಷ್ಟು ತಿಳಿಯಿತೋ. ಚಪ್ಪಾಳೆ ತಟ್ಟಿದರು.

ಮೊದಲೆರಡು ಹಾಡು ಚೆನ್ನಾಗಿ ಹೋದವು. ಮೂರನೆಯದಕ್ಕೆ ಹೆಂಡತಿ ಬೀಟ್ ಒತ್ತಿದಳು. ವೇಗ ಇಳಿದದ್ದು ಗೊತ್ತಾಗಿ ಹಿಂದಿನ ಸಾಲಿನವರು ಆಗಲೇ ಗುಜುಗುಜು ಶುರು ಮಾಡಿದ್ದರು. ಮೊದಲ ಹುಕ್ ಕೆಟ್ಟೇ ಹೋಯಿತು. ನಾನು ‘ನಿಮ್ಮವ್ವಗ ಹೇಳು’ ಅನ್ನುತ್ತಿದ್ದರೆ ಇಡೀ ಸಭಾಂಗಣ ಹಳೆಯ ಅಕ್ಷರವನ್ನೇ ಕೂಗುತ್ತಿತ್ತು. ನನ್ನ ಮಾತು ಅದರಲ್ಲಿ ಮುಳುಗಿತು. ಕಾಕಾನ ಕಡೆ ನೋಡುವ ಧೈರ್ಯವಾಗಲಿಲ್ಲ. ಎರಡನೇ ಚರಣ ಹಾಡಿದೆ. ಹುಕ್ ಬರುವ ಮುಂಚೆ ಹೆಂಡತಿಗೆ ಕೈ ತೋರಿಸಿದೆ. ಬೀಟ್ ನಿಂತಿತು. ಬೀಟ್ ಇಲ್ಲದೆ, ತಾಳವಿಲ್ಲದೆ, ಮನೆಯಲ್ಲಿ ಮಾತಾಡುವ ದನಿಯಲ್ಲಿ ಆ ಮಾತನ್ನು ಹೇಳಿದೆ. ನಿಮ್ಮವ್ವಗ ಹೇಳು. ಹಿಟ್ಟು ಬಿಸಿ ಐತಿ. ಆರಲಿ. ಬಾಯಿ ಕಟ್ಟಬ್ಯಾಡ.

ಕೂಗುವುದಕ್ಕೆ ತಾಳ ಬೇಕು. ತಾಳ ಇಲ್ಲದಾಗ ಕೂಗು ಚದುರಿ ನಿಂತುಹೋಯಿತು. ಮುಂದೆ ಕೂತ ಹುಡುಗಿಯರು ಕೇಳಿಸಿಕೊಂಡರು. ಮೂರನೇ ಹುಕ್ಕಿಗೆ ಅವರಲ್ಲಿ ಕೆಲವರು ‘ಬಾಯಿ ಕಟ್ಟಬ್ಯಾಡ’ ಎಂದು ನನ್ನ ಜೊತೆ ಅಂದರು. ಹಿಂದಿನವರು ಮಾತ್ರ ಕೊನೆಯವರೆಗೂ ಸೀಟಿ ಹೊಡೆದರು. ಕೆಲವರು ಎದ್ದು ಹೋದರು.

ಆಗ ಕಾಕಾನನ್ನು ನೋಡಿದೆ. ಅವರು ನಗುತ್ತಿರಲಿಲ್ಲ. ಕಪ್ ಹಿಡಿದುಕೊಂಡು, ಸ್ವಲ್ಪ ಮುಂದೆ ಬಾಗಿ, ಕೇಳುತ್ತಿದ್ದರು. ಅಷ್ಟೇ.

ಕೆಳಗಿಳಿದಾಗ ಕಾರ್ಯದರ್ಶಿ ಮುಖ ಸಣ್ಣ ಮಾಡಿಕೊಂಡಿದ್ದ. "ಸರ್, ನಾವು ಕೇಳಿದ್ದು ಹಳೇದ್ರಿ" ಅಂದ. ಅವನ ತಪ್ಪೇನೂ ಇರಲಿಲ್ಲ. ಸುದ್ದಿ ಬೇಗ ಹರಡಿತು. ಸವಣೂರಿನಲ್ಲಿ ಒಪ್ಪಿಕೊಂಡಿದ್ದ ಕಾರ್ಯಕ್ರಮದವರು ಫೋನ್ ಮಾಡಿ, ಹಳೆಯ ಹಾಡು ಹಾಡುವುದಾದರೆ ಬನ್ನಿ ಅಂದರು. ಹಾಡುವುದಿಲ್ಲ ಅಂದೆ. ಅವರು ಬೇರೆಯವರನ್ನು ಕರೆದರು. ಮತ್ತೊಂದು ಊರಿನವರೂ ಹಾಗೇ ಮಾಡಿದರು. ಆ ದಿನಗಳಲ್ಲಿ ಮುಂದಿನ ಕೋಣೆಯಲ್ಲಿ ಕೂತು ಬರೀ ಸ್ಪೀಕರ್ ರಿಪೇರಿ ಮಾಡಿದೆ. ತಿದ್ದಿ ತಪ್ಪು ಮಾಡಿದೆನೇ ಎಂದು ಅನ್ನಿಸಲಿಲ್ಲ ಎಂದರೆ ಸುಳ್ಳಾಗುತ್ತದೆ. ಹೆಂಡತಿ ಒಮ್ಮೆಯೂ ಅದರ ಮಾತು ತೆಗೆಯಲಿಲ್ಲ. ಬೆಳಿಗ್ಗೆ ನಾನು ಹದಿನಾರು ಸಾಲು ಬರೆಯಲು ಕೂತಾಗ ಪಕ್ಕದಲ್ಲಿ ಚಹಾ ಇಟ್ಟು ಹೋಗುತ್ತಿದ್ದಳು.

ಮೂರು ವಾರದ ಮೇಲೆ ಒಂದು ಬೆಳಿಗ್ಗೆ, ತಿಳವಳ್ಳಿ ಬಸ್ಸು ಬರುವ ಹೊತ್ತಿಗೆ, ಕಾಕಾ ಅಂಗಡಿಯ ಮೆಟ್ಟಿಲು ಹತ್ತಿ ಬಂದರು. ಅದೇ ಬಿಳಿ ಅಂಗಿ.

"ಬರ್ರಿ ಕಾಕಾ, ಕುಂಡ್ರಿ."

ಕೂರಲಿಲ್ಲ. "ಆ ಮಾತು ನನ್ನದು" ಅಂದರು. "ನಾನ ಹೇಳ್ತೇನಿ. ಹಿಡಕೋ."

ಹಿಂದಿನ ಕೋಣೆಗೆ ಕರೆದುಕೊಂಡು ಹೋದೆವು. ಕೌದಿಗಳನ್ನು ಮುಟ್ಟಿ ನೋಡಿದರು. ಹೆಂಡತಿ ನೀರು ಕೊಟ್ಟು, ಹೆಡ್‌ಫೋನ್ ಹಾಕಿ, ಮೈಕನ್ನು ಅವರ ಬಾಯಿಯ ಎತ್ತರಕ್ಕೆ ಇಳಿಸಿದಳು. ಬೀಟ್ ಹಚ್ಚಿದೆವು. ಅವರ ಬಾಯಿ ತೆರೆಯಿತು, ಮಾತು ಬರಲಿಲ್ಲ. ಏಟುಗಳು ಒಂದರ ಹಿಂದೊಂದು ಬಂದು ಅವರನ್ನು ದಾಟಿ ಹೋದವು. ಆರು ಸಲ ಹೀಗೇ ಆಯಿತು. ಹಣೆಯ ಮೇಲೆ ಬೆವರು ಬಂತು.

"ಇದು ದೂಡಾಕತ್ತೈತಿ" ಎಂದು ಹೆಡ್‌ಫೋನ್ ತೆಗೆದರು.

"ಬೀಟ್ ಬ್ಯಾಡ ಕಾಕಾ" ಅಂದೆ. "ನೀವು ಹೇಳ್ರಿ. ಅದು ಆಮ್ಯಾಲ ಬರಲಿ."

ಬೀಟ್ ಇಲ್ಲದೆ, ಕಣ್ಣು ಮುಚ್ಚಿ, ಅವರು ಹೇಳಿದರು. ತಡೆದು, ನಿಂತು, ಮತ್ತೆ ಹಿಡಿದು, ಪೂರ್ತಿ ಹೇಳಿದರು. ಹೆಂಡತಿ ತೆರೆಯ ಮೇಲೆ ಅವರ ದನಿಯ ಗೆರೆ ನೋಡಿದಳು. ನಡುನಡುವೆ ಉದ್ದುದ್ದ ಖಾಲಿ ಜಾಗಗಳು. ರೆಕಾರ್ಡ್ ಆದ ಕೂಡಲೇ ಖಾಲಿ ಜಾಗ ಕತ್ತರಿಸುವುದು ನಮ್ಮ ಕೈಗೆ ಅಂಟಿದ ಅಭ್ಯಾಸ. ಅವಳ ಬೆರಳು ಅಲ್ಲಿಗೆ ಹೋಯಿತು. ನಾನು ಅವಳ ಕೈಯ ಮೇಲೆ ಕೈ ಇಟ್ಟೆ. ಅವಳು ತಲೆಯಾಡಿಸಿದಳು.

ಬೀಟನ್ನೇ ಅವರ ಮಾತಿನ ಕೆಳಗೆ ಹಾಸಿದೆವು. ಒಂದು ತುಂಡು ಮಾತು ಮುಗಿಯುವವರೆಗೆ ಒಂದೇ ಸುತ್ತು ಮತ್ತೆ ಮತ್ತೆ ತಿರುಗುತ್ತಿರಬೇಕು, ಮುಗಿದ ಮೇಲೆಯೇ ಮುಂದಿನದಕ್ಕೆ ಹೋಗಬೇಕು. ನಾಲ್ಕು ಸುತ್ತಿನ ಹುಕ್ ಹನ್ನೊಂದು ಸುತ್ತಾಯಿತು. ಕುಣಿಯಲು ಬರುವುದಿಲ್ಲ, ಯಾವ ಮೈದಾನದಲ್ಲೂ ಇದು ನಡೆಯುವುದಿಲ್ಲ ಎಂದು ನಮ್ಮಿಬ್ಬರಿಗೂ ಗೊತ್ತಿತ್ತು. ಆದರೆ ಹದಿನೈದು ವರ್ಷದಲ್ಲಿ ನಾನು ಮಾಡಿದ ಹುಕ್‌ಗಳಲ್ಲಿ ಇಷ್ಟು ಚೆನ್ನಾಗಿ ಉಸಿರಾಡುವುದು ಇನ್ನೊಂದಿಲ್ಲ.

ಕಾಕಾ ಹೆಡ್‌ಫೋನ್ ಹಾಕಿಕೊಂಡು ಪೂರ್ತಿ ಕೇಳಿದರು. ಮುಖ ಗಂಟಿಕ್ಕಿದರು.

"ಕಟ್ಟಬ್ಯಾಡ ಅನ್ನೂದು ಸಣ್ಣಗಾತು. ಇನ್ನೊಮ್ಮೆ ಹಿಡಿ."

ಮತ್ತೆ ಹಿಡಿದೆವು. ಅವರಿಗೆ ಒಪ್ಪಿಗೆಯಾಗುವವರೆಗೆ ಇನ್ನೂ ಮೂರು ಸಲ. ಕೊನೆಯದನ್ನು ಕೇಳಿ, ಹೆಡ್‌ಫೋನ್ ತೆಗೆದು, ಮೇಜಿನ ಮೇಲೆ ಮೆಲ್ಲಗೆ ಇಟ್ಟರು.

"ಹಾಡಿನ ಕೆಳಗ ಹೆಸರು ಬರಿತೀಯಲ್ಲ, ಯಾರ‍್ಯಾರು ಹಾಡಿದ್ರು ಅಂತ?"

"ಬರಿತೇನ್ರಿ."

"ನಂದೂ ಬರಿ. ನಿನ್ನ ಹಾಡ ಬಂದ ಮ್ಯಾಲ ಊರಾಗ ನನ್ನ ಹೆಸರು ಯಾರೂ ಕರದಿಲ್ಲ. ಕೇಳಿದ್ರ ನಿನಗೂ ಗೊತ್ತಿರಲಿಕ್ಕಿಲ್ಲ."

ಗೊತ್ತಿರಲಿಲ್ಲ. ಚಿಕ್ಕಂದಿನಿಂದ ನಮಗೆ ಅವರು ಗಿರಣಿಯ ಕಾಕಾ. ಆಮೇಲೆ ಊರಿಗೆಲ್ಲ ನನ್ನ ಹಾಡಿನ ಅಕ್ಷರ. ನಾನು ಪೆನ್ನು ಹಾಳೆ ತೆಗೆದುಕೊಂಡು ಕೂತೆ.

ಉಗ್ಗು ಇರುವವರಿಗೆ ಎಲ್ಲಕ್ಕಿಂತ ಕಷ್ಟದ ಮಾತು ಸ್ವಂತ ಹೆಸರೇ ಎಂದು ಅವತ್ತು ತಿಳಿಯಿತು. ಅವರ ತುಟಿ ಸೇರಿ ಬಿಗಿಯಿತು. ಕತ್ತಿನ ನರ ಎದ್ದು ನಿಂತಿತು. ಹೊರಗೆ ಬಸ್ಸೊಂದು ಹಾರ್ನ್ ಹೊಡೆದು ಹೋಯಿತು. ಅವರ ಪರವಾಗಿ ಅಕ್ಷರ ಊಹಿಸಿ ಹೇಳಲು ನನ್ನ ಬಾಯಿ ತೆರೆಯಿತು, ಮುಚ್ಚಿದೆ. ಹೆಂಡತಿ ಲ್ಯಾಪ್‌ಟಾಪಿನಿಂದ ಕೈ ತೆಗೆದು ಮಡಿಲಲ್ಲಿ ಇಟ್ಟುಕೊಂಡಳು. ನಾವಿಬ್ಬರೂ ಕಾದೆವು.

"ಪರಸಪ್ಪ" ಅಂದರು.

ಬರೆದೆ. ಹಾಳೆಯನ್ನು ಅವರ ಕಡೆ ತಿರುಗಿಸಿ ತೋರಿಸಿದೆ. ಒಂದೊಂದೇ ಅಕ್ಷರದ ಮೇಲೆ ಬೆರಳಿಟ್ಟು ಓದಿಕೊಂಡು, ಸರಿ ಇದೆ ಎಂದು ತಲೆಯಾಡಿಸಿ, ಆಮೇಲೆ ಕುರ್ಚಿಯಲ್ಲಿ ಕೂತರು.